ದೊಡ್ಡ ಕಾಪಿ ಹಚ್ಚಿದರೆ ಸಿಸ್ಟಮ್ ಹ್ಯಾಂಗ್: ಡಿಸ್ಕ್ ಶೆಡ್ಯೂಲರ್ ಬದಲಿಸಿದರೆ ಫರಕು ಬೀಳುತ್ತದಾ? ಅಳೆಯುವುದು ಹೇಗೆ?

ಖಡೇಬಜಾರ್_ಡಿಟಿಪಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ಆಲ್ಬಮ್ ಕೆಲಸ. ಮಷಿನ್ ಹಳೆಯದು. 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, 7200 ಆರ್‌ಪಿಎಂ. ಉಬುಂಟು ಹಾಕಿದ್ದೇವೆ.

ಫೋಟೊಗ್ರಾಫರ್‌ಗಳು ಕ್ಯಾಮೆರಾ ಕಾರ್ಡ್ ತಂದು ಕೊಡುತ್ತಾರೆ, ಒಂದೊಂದರಲ್ಲಿ ಮೂವತ್ತು-ನಲವತ್ತು ಜಿಬಿ. ಅದನ್ನು ಕಾಪಿ ಹಚ್ಚಿ, ಅಷ್ಟರಲ್ಲಿ ಮುಂದೆ ಕುಳಿತ ಗಿರಾಕಿಗೆ ಪ್ರೂಫ್ ತೋರಿಸೋಣ ಅಂದರೆ ಮುಗಿಯಿತು ಕಥೆ. ಲಿಬ್ರೆಆಫೀಸ್ ತೆರೆಯುವಷ್ಟರಲ್ಲಿ ಅವರು ಹೊರಗೆ ಹೋಗಿ ಚಹಾ ಕುಡಿದು ಬರುತ್ತಾರೆ. ಸೇವ್ ಒತ್ತಿದರೆ ವಿಂಡೋ ಮಬ್ಬಾಗಿ ನಿಂತುಬಿಡುತ್ತದೆ. ಮೌಸ್ ಮಾತ್ರ ಓಡಾಡುತ್ತಿರುತ್ತದೆ.

ಯಾರೋ ಡಿಸ್ಕ್ ಶೆಡ್ಯೂಲರ್ ಅನ್ನು, ಅಂದರೆ ಡಿಸ್ಕಿನಲ್ಲಿ ಯಾರ ಕೆಲಸ ಮೊದಲು ಅಂತ ನಿರ್ಧರಿಸುವ ಭಾಗವನ್ನು, ಬಿಎಫ್‌ಕ್ಯೂ ಅನ್ನುವುದಕ್ಕೆ ಬದಲಿಸಿ ಅಂದರು. ಬದಲಿಸಿದೆ. ನನಗೇನೋ ಚಲೋ ಆಯಿತು ಅನ್ನಿಸುತ್ತಿದೆ. ನಮ್ಮ ಅಣ್ಣ ಮಾತ್ರ "ಏನೂ ಆಗಿಲ್ಲ, ಕಾಪಿ ಮೊದಲಿಗಿಂತ ತಡ ಆಗ್ಲಿಕ್ಕತ್ತದ" ಅನ್ನುತ್ತಾನೆ. ಯಾರದು ಸರಿ ಅಂತ ಅಳೆದು ತೋರಿಸುವ ದಾರಿ ಇದೆಯಾ?

ನವನಗರ_ಲ್ಯಾಬ್, ಬಾಗಲಕೋಟೆ

ಅಕ್ಕಾರೇ, ನೀವಿಬ್ಬರೂ ಸರಿ ಇರಬಹುದು. ನೀವು ನೋಡುತ್ತಿರುವುದು ಪತ್ರಿಕೆ ಎಷ್ಟು ಬೇಗ ತೆರೆಯಿತು ಅಂತ. ಅಣ್ಣ ನೋಡುತ್ತಿರುವುದು ಕಾಪಿ ಎಷ್ಟು ಬೇಗ ಮುಗಿಯಿತು ಅಂತ. ಒಂದು ಕಾಯುವ ಸಮಯ, ಇನ್ನೊಂದು ಥ್ರೂಪುಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಸಾಗಿತು ಅನ್ನುವುದು. ಒಂದನ್ನು ಸುಧಾರಿಸಲು ಹೋದರೆ ಇನ್ನೊಂದು ಸ್ವಲ್ಪ ಕೆಡಬಹುದು. ಅದಕ್ಕೇ ಪ್ರತಿ ಸಲ ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಮೊದಲು ಸ್ವಲ್ಪ ಲೆಕ್ಕ. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಹಿಡಿಯುತ್ತದೆ, ಅಂದರೆ 4.17. ಅದಕ್ಕೂ ಮೊದಲು ಹೆಡ್ ಆ ಟ್ರ್ಯಾಕಿಗೆ ಹೋಗಬೇಕು, ಅದಕ್ಕೆ 8-9. ಒಟ್ಟು 13 ಮಿಲಿಸೆಕೆಂಡ್ ಅನ್ನಿ. ಹೀಗೆ ಚದುರಿದ ಸಣ್ಣ ಓದು ಸೆಕೆಂಡಿಗೆ 75-80 ಮಾತ್ರ ಆಗುತ್ತದೆ. ಒಂದೊಂದು 4 ಕೆಬಿ ಆದರೆ ಸೆಕೆಂಡಿಗೆ ಸುಮಾರು 300 ಕೆಬಿ. ಅದೇ ಡಿಸ್ಕ್ ಸಾಲಾಗಿ ಓದಿದರೆ ಸೆಕೆಂಡಿಗೆ 150 ಎಂಬಿ ಕೊಡುತ್ತದೆ. ನೋಡಿ ಅಂತರ.

ಈಗ ಲಿಬ್ರೆಆಫೀಸ್ ತೆರೆಯಲು ಇಂಥ 300 ಓದು ಬೇಕು ಅಂತ ಇಟ್ಟುಕೊಳ್ಳಿ. ಒಂದು ಓದು ಮುಗಿದ ಮೇಲೆಯೇ ಮುಂದಿನದನ್ನು ಕೇಳುತ್ತದೆ. ಡಿಸ್ಕ್ ಖಾಲಿ ಇದ್ದರೆ ನಾಲ್ಕು ಸೆಕೆಂಡು. ಕಾಪಿ ನಡೆಯುತ್ತಿದ್ದು ಪ್ರತಿ ಓದೂ 100 ಮಿಲಿಸೆಕೆಂಡ್ ಕಾಯಬೇಕಾದರೆ 30 ಸೆಕೆಂಡು. ಆ ಹೊತ್ತಿನಲ್ಲಿ ಕಾಪಿಗೆ ಏನೂ ತೊಂದರೆ ಇಲ್ಲ, ಅದು ಆರಾಮಾಗಿ ಓಡುತ್ತಿರುತ್ತದೆ. ಕಾರ್ಖಾನೆ ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಾಲಿನಲ್ಲಿ ಸಿಕ್ಕಿಬಿದ್ದ ಬೈಕಿನವನ ಗತಿ ನಿಮ್ಮ ಪತ್ರಿಕೆಯದು. ಆ ಬೈಕಿಗೆ ಎಷ್ಟು ದಾರಿ ಬಿಡಬೇಕು ಅನ್ನುವುದೇ ಶೆಡ್ಯೂಲರ್ ಕೆಲಸ.

ಈಗ ಯಾವ ಶೆಡ್ಯೂಲರ್ ಇದೆ ನೋಡಿ ಹೇಳಿ. ಸಿಸ್ ಫೋಲ್ಡರಿನಲ್ಲಿ ಬ್ಲಾಕ್, ಅದರೊಳಗೆ ಎಸ್‌ಡಿಎ (ನಿಮ್ಮ ಡಿಸ್ಕಿನ ಹೆಸರು), ಅದರೊಳಗೆ ಕ್ಯೂ. ಅಲ್ಲಿ ಶೆಡ್ಯೂಲರ್ ಅಂತ ಒಂದು ಫೈಲು ಇರುತ್ತದೆ. ಚೌಕ ಕಂಸದೊಳಗೆ ಇರುವುದೇ ಈಗ ನಡೆಯುತ್ತಿರುವುದು. ರೂಟ್ (ಅಡ್ಮಿನ್) ಆಗಿ ಅದೇ ಫೈಲಿಗೆ ಬೇರೆ ಹೆಸರು ಬರೆದರೆ ಆ ಕ್ಷಣದಿಂದಲೇ ಬದಲಾಗುತ್ತದೆ. ರೀಬೂಟ್ ಆದರೆ ಹಳೆಯದಕ್ಕೆ ಹೋಗುತ್ತದೆ.

ಖಡೇಬಜಾರ್_ಡಿಟಿಪಿ

ನೋಡಿದೆ ಸರ್. ನಿನ್ನೆ ರೀಬೂಟ್ ಆಗಿದ್ದಕ್ಕೋ ಏನೋ, ಈಗ ಎಂಕ್ಯೂ-ಡೆಡ್‌ಲೈನ್ ಅನ್ನುವ ಶೆಡ್ಯೂಲರ್ ತೋರಿಸುತ್ತಿದೆ. ಬಿಎಫ್‌ಕ್ಯೂ ಪಟ್ಟಿಯಲ್ಲಿ ಕಾಣುತ್ತಲೇ ಇಲ್ಲ.

ನವನಗರ_ಲ್ಯಾಬ್

ಅದು ಬೇಕಾದಾಗ ಸೇರಿಸಿಕೊಳ್ಳುವ ಬೇರೆ ಮಾಡ್ಯೂಲ್ ಆಗಿರುತ್ತದೆ. ಮಾಡ್‌ಪ್ರೋಬ್ ಕಮಾಂಡ್ ಕೊಟ್ಟು ಲೋಡ್ ಮಾಡಿದರೆ ಪಟ್ಟಿಗೆ ಬರುತ್ತದೆ.

ಗುಮ್ಮಟ_5ನೇಸೆಮ್, ವಿಜಯಪುರ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮಗೆ ಓಎಸ್ ಪೇಪರಿನಲ್ಲಿ ಇದೇ ಲೆಕ್ಕ ಬರುತ್ತದೆ. ಹೆಡ್ 53ನೇ ಸಿಲಿಂಡರಿನಲ್ಲಿದೆ (ಟ್ರ್ಯಾಕ್ ನಂಬರ್ ಅನ್ನಿ), ಕೋರಿಕೆಗಳ ಸಾಲಿನಲ್ಲಿ 98, 183, 37, 122, 14, 124, 65, 67. ಎಫ್‌ಸಿಎಫ್‌ಎಸ್ (ಬಂದ ಕ್ರಮದಲ್ಲೇ) ಮಾಡಿದರೆ ಹೆಡ್ ಒಟ್ಟು 640 ಸಿಲಿಂಡರ್ ಓಡಾಡುತ್ತದೆ. ಎಸ್‌ಎಸ್‌ಟಿಎಫ್ (ಹತ್ತಿರದ್ದು ಮೊದಲು) ಆದರೆ 236. ಲುಕ್‌ನಲ್ಲಿ (ಒಂದು ದಿಕ್ಕಿನ ಕೊನೆಯ ಕೋರಿಕೆ ತನಕ ಹೋಗಿ ತಿರುಗುವುದು) ಮೊದಲು ಕೆಳಗೆ ಹೋದರೆ 208. ಯಾವುದು ಕಡಿಮೆಯೋ ಅದನ್ನೇ ಹಾಕಿದರೆ ಆಯಿತಲ್ವಾ? ಬಿಎಫ್‌ಕ್ಯೂಗೆ ಎಷ್ಟು ಬರುತ್ತದೆ?

ಹಳೇ_ಕರ್ನಲ್, ಬೆಳಗಾವಿ

ತಮ್ಮಾ, ಲೆಕ್ಕ ಬರೋಬ್ಬರಿ ಇದೆ, ಪೇಪರಿನಲ್ಲಿ ಹಾಗೇ ಬರೆ. ಆದರೆ ಆ ಲೆಕ್ಕ ಹೆಡ್ ಎಷ್ಟು ಓಡಾಡಿತು ಅಂತ ಕೇಳುತ್ತದೆ. ಯಾರು ಎಷ್ಟು ಕಾದರು ಅಂತ ಕೇಳುವುದಿಲ್ಲ. ನಿನ್ನ ಎಸ್‌ಎಸ್‌ಟಿಎಫ್ ಉತ್ತರದಲ್ಲಿ 183 ಕೊನೆಗೆ ಉಳಿಯಿತು, ಅಲ್ವಾ? ಸಾಲಿನಲ್ಲಿ ಎರಡನೆಯವನಾಗಿ ಬಂದಿತ್ತು ಅದು. ಈಗ 60ರ ಆಸುಪಾಸಿನಲ್ಲಿ ಹೊಸ ಕೋರಿಕೆ ಬರುತ್ತಲೇ ಇವೆ ಅಂದುಕೋ. 183ರ ಪಾಳಿ ಬರುವುದೇ ಇಲ್ಲ. ಈ ತಕರಾರು ಹೊಸದಲ್ಲ. 1967ರಲ್ಲೇ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ ತಮ್ಮ ಲೇಖನದಲ್ಲಿ ಎಸ್‌ಎಸ್‌ಟಿಎಫ್ ಮತ್ತು ಸ್ಕ್ಯಾನ್ (ಲುಕ್‌ನ ಹಾಗೆ ಅತ್ತಿಂದಿತ್ತ ಸಾಗುವುದು) ಎರಡನ್ನೂ ತೂಗಿ ನೋಡಿದ್ದರು.

ಇನ್ನೊಂದು ಮಾತು. ಇಂದಿನ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಸಿಲಿಂಡರ್ ಕಾಣುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಬ್ಲಾಕ್ ನಂಬರ್ ಮಾತ್ರ. ಸಾಟಾ ಡಿಸ್ಕ್ ತಾನೇ 32 ಕೋರಿಕೆಗಳವರೆಗೆ ಒಳಗೆ ತೆಗೆದುಕೊಂಡು ತನಗೆ ಬೇಕಾದ ಕ್ರಮದಲ್ಲಿ ಮುಗಿಸುತ್ತದೆ. ಅದಕ್ಕೆ ಎನ್‌ಸಿಕ್ಯೂ ಅನ್ನುತ್ತಾರೆ. ಹಾಗಾಗಿ ಮೇಲೆ ನೀನು ಎಷ್ಟೇ ಜೋಡಿಸಿ ಕೊಟ್ಟರೂ ಕೆಳಗೆ ಇನ್ನೊಬ್ಬ ಯಜಮಾನ ಕೂತಿರುತ್ತಾನೆ. ಬೇಕಾದರೆ ಡಿವೈಸ್ ಫೋಲ್ಡರಿನ ಕ್ಯೂ ಡೆಪ್ತ್ ಅನ್ನು (ಡಿಸ್ಕ್ ಒಮ್ಮೆಗೆ ತೆಗೆದುಕೊಳ್ಳುವ ಕೋರಿಕೆ ಎಷ್ಟು ಅನ್ನುವುದು) 1 ಮಾಡಿ ನೋಡು. ಡಿಸ್ಕಿನ ಜಾಣತನ ಬಂದ್ ಆಗಿ ಶೆಡ್ಯೂಲರ್‌ಗಳ ನಡುವಿನ ಫರಕು ಎದ್ದು ಕಾಣುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ಹಳೇ ಸಲಹೆಗಳ ಬಗ್ಗೆ ಎಚ್ಚರ. ಸಿಎಫ್‌ಕ್ಯೂ ಅನ್ನುವ ಶೆಡ್ಯೂಲರ್ 2006ರಲ್ಲಿ, ಕರ್ನಲ್ 2.6.18ರಿಂದ ಡಿಫಾಲ್ಟ್ ಆಗಿತ್ತು. 2014ರ 3.13ರಲ್ಲಿ ಒಂದರ ಬದಲು ಹಲವು ಸಾಲುಗಳ ಮಲ್ಟಿಕ್ಯೂ ವ್ಯವಸ್ಥೆ ಬಂತು. 2017ರ 4.12ರಲ್ಲಿ ಬಿಎಫ್‌ಕ್ಯೂ, ಕೈಬರ್ ಎರಡೂ ಒಳಗೆ ಬಂದವು. 2019ರ 5.0ರಲ್ಲಿ ಸಿಎಫ್‌ಕ್ಯೂ, ನೂಪ್, ಹಳೆಯ ಡೆಡ್‌ಲೈನ್ ಎಲ್ಲ ಮನೆಗೆ ಹೋದವು. ಗ್ರಬ್‌ನಲ್ಲಿ (ಬೂಟ್ ಲೋಡರ್) ಎಲಿವೇಟರ್ ಅಂತ ಬರೆಯಿರಿ ಎನ್ನುವ ಲೇಖನ ಇನ್ನೂ ಸಿಗುತ್ತದೆ. ಇಂದಿನ ಕರ್ನಲ್‌ನಲ್ಲಿ ಅದರಿಂದ ಏನೂ ಆಗುವುದಿಲ್ಲ.

ಜಮಖಂಡಿ_ಫೋಟೊ

ನಾನೂ ಆಲ್ಬಮ್ ಲೈನಿನವನೇ. ಇಷ್ಟೆಲ್ಲ ಯಾಕ್ರೀ? ಕಾಪಿ ಕಮಾಂಡಿನ ಮುಂದೆ ಐಯೊನೈಸ್ ಹಾಕಿ ಐಡಲ್ ಕ್ಲಾಸ್ (ಡಿಸ್ಕ್ ಖಾಲಿ ಇದ್ದಾಗ ಮಾತ್ರ ಪಾಳಿ) ಕೊಟ್ಟರೆ ಸಾಕಲ್ವಾ? ನಾನು ಹಾಗೇ ಮಾಡುತ್ತೇನೆ.

ಹಳೇ_ಕರ್ನಲ್

ಅಕ್ಕನವರ ಕೇಸಿನಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕಾಪಿ ಪ್ರೋಗ್ರಾಮ್ ಡಿಸ್ಕಿಗೆ ನೇರವಾಗಿ ಬರೆಯುವುದಿಲ್ಲ. ರ‍್ಯಾಮ್‌ನಲ್ಲಿ ಇಟ್ಟು ಕೈ ತೊಳೆದುಕೊಳ್ಳುತ್ತದೆ. ಆಮೇಲೆ ಡಿಸ್ಕಿಗೆ ಇಳಿಸುವುದು ಕರ್ನಲ್‌ನ ಬೇರೆ ಥ್ರೆಡ್. ನೀವು ಕೊಟ್ಟ ಐಡಲ್ ಕ್ಲಾಸ್ ಅದಕ್ಕೆ ಅಂಟುವುದಿಲ್ಲ. ಅಂಟುವುದು ಓದುವ ಕೆಲಸಕ್ಕೆ, ಇಲ್ಲಿ ಓದುತ್ತಿರುವುದು ಕ್ಯಾಮೆರಾ ಕಾರ್ಡಿನಿಂದ. ನೀವು ಹಾರ್ಡ್‌ಡಿಸ್ಕಿನಿಂದ ಹೊರಗೆ ಬ್ಯಾಕಪ್ ತೆಗೆಯುವಾಗ ಉಪಯೋಗ ಆಗುತ್ತಿರಬಹುದು. ಅದೂ ಪ್ರಯಾರಿಟಿಗೆ ಬೆಲೆ ಕೊಡುವ ಶೆಡ್ಯೂಲರ್ ಇದ್ದರೆ.

ಉದ್ಯಮಬಾಗ್_ಕ್ಯಾಡ್, ಬೆಳಗಾವಿ

ಎಲ್ಲರೂ ಸೇರಿ ಹಳೇ ಡಿಸ್ಕಿಗೆ ಔಷಧ ಹುಡುಕುತ್ತಿದ್ದೀರಿ. ಒಂದು ಎಸ್‌ಎಸ್‌ಡಿ ಹಾಕಿಸಿ, ಕಥೆ ಮುಗಿಯಿತು. ನಮ್ಮ ಕ್ಯಾಡ್ ಮಷಿನ್‌ಗಳಲ್ಲಿ ಎನ್‌ವಿಎಂಇ (ಹೆಚ್ಚು ವೇಗದ ಎಸ್‌ಎಸ್‌ಡಿ) ಇದೆ, ಶೆಡ್ಯೂಲರ್ "ನನ್", ಅಂದರೆ ಯಾವುದೂ ಇಲ್ಲ. ಬಿಎಫ್‌ಕ್ಯೂ ಹಾಕಿ ನೋಡಿದೆ. ಸಣ್ಣ ಓದುಗಳ ವೇಗ ಇಳಿಯಿತೇ ಹೊರತು ಏನೂ ಲಾಭ ಇಲ್ಲ.

ನವನಗರ_ಲ್ಯಾಬ್

ಎನ್‌ವಿಎಂಇಗೆ ನೀವು ಹೇಳಿದ್ದು ನಿಜ. ಅಲ್ಲಿ ಹೆಡ್ಡೂ ಇಲ್ಲ, ಸುತ್ತೂ ಇಲ್ಲ. ಬಿಎಫ್‌ಕ್ಯೂ ಒಂದೊಂದು ಕೋರಿಕೆಗೂ ಲೆಕ್ಕ ಹಾಕುತ್ತಾ ಕೂತರೆ ಆ ಲೆಕ್ಕವೇ ಭಾರ ಆಗುತ್ತದೆ. ಆದರೆ ಅಕ್ಕ ಕೇಳಿದ್ದು ಈಗಿರುವ ಡಿಸ್ಕ್ ಬಗ್ಗೆ. 1 ಟಿಬಿ ಫೋಟೊ ಹಿಡಿಸುವ ಎಸ್‌ಎಸ್‌ಡಿ ಸೀಸನ್ ನಡುವೆ ಯಾರು ಕೊಡಿಸುತ್ತಾರೆ?

ಅಳೆಯುವ ವಿಧಾನಕ್ಕೆ ಬರೋಣ. ಸ್ಟಾಪ್‌ವಾಚ್ ಹಿಡಿದು ವಿಂಡೋ ನೋಡುತ್ತಾ ಕೂರಬೇಡಿ, ಕೈ ಯಾವಾಗಲೂ ಹೆಚ್ಚುಕಮ್ಮಿ ಮಾಡುತ್ತದೆ. ಲಿಬ್ರೆಆಫೀಸ್ ಅನ್ನು ಹೆಡ್‌ಲೆಸ್ ಆಗಿ (ವಿಂಡೋ ಇಲ್ಲದೆ) ಕರೆದು ಒಂದು ಸಣ್ಣ ಪತ್ರಿಕೆಯನ್ನು ಪಿಡಿಎಫ್ ಮಾಡಲು ಹೇಳಿ. ಮುಂದೆ ಟೈಮ್ ಕಮಾಂಡ್ ಸೇರಿಸಿ. ತೆರೆಯಿತು, ಫಾಂಟ್ ಓದಿತು, ಕೆಲಸ ಮಾಡಿತು, ಮುಚ್ಚಿತು, ಎಲ್ಲ ಸೇರಿ ಎಷ್ಟು ಸೆಕೆಂಡು ಅಂತ ಅದೇ ಹೇಳುತ್ತದೆ. ಇದು ನಿಮ್ಮ ಗಿರಾಕಿ ಕಾಯುವ ಸಮಯ.

ಪ್ರತಿ ಸಲಕ್ಕೂ ಮೊದಲು ಸಿಂಕ್ ಕೊಟ್ಟು (ಬರೆಯಲು ಉಳಿದದ್ದು ಡಿಸ್ಕಿಗೆ ಇಳಿಯುತ್ತದೆ), ಆಮೇಲೆ ಡ್ರಾಪ್ ಕ್ಯಾಶಸ್ ಫೈಲಿಗೆ 3 ಬರೆಯಿರಿ (ಓದಿ ಇಟ್ಟುಕೊಂಡದ್ದು ಖಾಲಿ ಆಗುತ್ತದೆ). ಇಲ್ಲದಿದ್ದರೆ ಎರಡನೇ ಸಲ ಎಲ್ಲವೂ ರ‍್ಯಾಮ್‌ನಿಂದಲೇ ಬರುತ್ತದೆ. ನೀವು ಅಳೆದದ್ದು ಡಿಸ್ಕ್ ಅಲ್ಲ, ರ‍್ಯಾಮ್ ಆಗಿರುತ್ತದೆ. "ಬದಲಿಸಿದ ಮೇಲೆ ಭಾರೀ ಫಾಸ್ಟ್ ಆಯಿತು" ಅನ್ನುವ ಮಾತುಗಳಲ್ಲಿ ಅರ್ಧ ಈ ಜಾತಿಯವು.

ಹಿಂದೆ ನಡೆಯುವ ಭಾರ ಪ್ರತಿ ಸಲವೂ ಒಂದೇ ಇರಲಿ. ಅದೇ ಕಾರ್ಡ್, ಅದೇ ಫೋಲ್ಡರ್, ಅದೇ ಪಾರ್ಟಿಷನ್. ಡಿಸ್ಕಿನ ಹೊರ ಅಂಚು ಒಳ ಅಂಚಿಗಿಂತ ಬಹಳ ವೇಗ, ಅದಕ್ಕೇ ಬೇರೆ ಪಾರ್ಟಿಷನ್‌ಗೆ ಬರೆದರೆ ಅಂಕಿಯೇ ಬದಲಾಗುತ್ತದೆ. ಕಾಪಿಯ ಸಮಯ ಬರೆಯುವಾಗ ಕೊನೆಯ ಸಿಂಕ್ ಸೇರಿಸಿಯೇ ಬರೆಯಿರಿ. ಪರದೆಯ ಮೇಲೆ ಕಾಪಿ ಮುಗಿಯಿತು ಅಂತ ಬಂದಾಗ ಕೊನೆಯ ಭಾಗ ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ಅಣ್ಣನ ದೂರಿಗೆ ಉತ್ತರ ಇಲ್ಲೇ ಸಿಗಬೇಕು.

ಒಂದು ಶೆಡ್ಯೂಲರ್‌ನದು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಅದೊಂದು ಸಲ, ಇದೊಂದು ಸಲ, ಮತ್ತೆ ಇದು, ಮತ್ತೆ ಅದು. ನಡುವೆ ಅಪ್‌ಡೇಟ್ ಗಿಪ್‌ಡೇಟ್ ಶುರುವಾದರೆ ಎರಡಕ್ಕೂ ಸಮ ಪೆಟ್ಟು ಬೀಳಲಿ. ಆಟೊಮ್ಯಾಟಿಕ್ ಅಪ್‌ಡೇಟ್, ಫೈಲ್ ಇಂಡೆಕ್ಸಿಂಗ್ ಎರಡನ್ನೂ ಆ ಹೊತ್ತಿಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಸರಾಸರಿ ತೆಗೆಯಬೇಡಿ. ನಡುವಿನ ಅಂಕಿ ಮತ್ತು ಎಲ್ಲಕ್ಕಿಂತ ಕೆಟ್ಟ ಅಂಕಿ, ಇವೆರಡನ್ನು ಬರೆಯಿರಿ. ಗಿರಾಕಿ ಎದ್ದು ಹೋಗುವುದು ಸರಾಸರಿ ನೋಡಿ ಅಲ್ಲ.

ಪಕ್ಕದ ಟರ್ಮಿನಲ್‌ನಲ್ಲಿ ಡಿಸ್ಕಿನ ಅಂಕಿ ತೋರಿಸುವ ಐಒಸ್ಟ್ಯಾಟ್ ಓಡುತ್ತಿರಲಿ. ಅವೇಟ್ ಅಂದರೆ ಒಂದು ಕೋರಿಕೆ ಮುಗಿಯಲು ಹಿಡಿದ ಸರಾಸರಿ ಮಿಲಿಸೆಕೆಂಡ್. ಓದಿನ ಅವೇಟ್, ಬರಹದ ಅವೇಟ್ ಬೇರೆ ಬೇರೆ ಕಾಲಂನಲ್ಲಿ ಬರುತ್ತವೆ. ಓದಿನದೇ ನಮಗೆ ಮುಖ್ಯ.

ಗುಮ್ಮಟ_5ನೇಸೆಮ್

ಸರ್, ಡಿಸ್ಕ್ ಅಳೆಯುವ ಎಫ್‌ಐಒ ಪ್ರೋಗ್ರಾಮ್ ಬಳಸಿದರೆ ಆಗುವುದಿಲ್ವಾ?

ನವನಗರ_ಲ್ಯಾಬ್

ಆಗುತ್ತದೆ. ನೀನು ಮಿನಿ ಪ್ರಾಜೆಕ್ಟ್ ಮಾಡುವುದಾದರೆ ಅದೇ ಸರಿ. ಒಂದು ಜಾಬ್ ಸಾಲಾಗಿ ಬರೆಯಲಿ. ಇನ್ನೊಂದು ಜಾಬ್ 4 ಕೆಬಿಯ ಚದುರಿದ ಓದು, ಐಒ ಡೆಪ್ತ್ 1 (ಒಮ್ಮೆಗೆ ಒಂದೇ ಕೋರಿಕೆ), ಡೈರೆಕ್ಟ್ 1 (ರ‍್ಯಾಮ್ ಬಿಟ್ಟು ನೇರ ಡಿಸ್ಕಿಗೆ). ಕೊನೆಗೆ ಬರುವ ಪರ್ಸೆಂಟೈಲ್ ಪಟ್ಟಿಯಲ್ಲಿ 50 (ನಡುವಿನ ಅಂಕಿ) ಮತ್ತು 99 (ನೂರರಲ್ಲಿ 99 ಓದು ಇದರೊಳಗೆ) ನೋಡು. ಅಂದಹಾಗೆ ಎಫ್‌ಐಒ ಬರೆದದ್ದೂ, ಸಿಎಫ್‌ಕ್ಯೂ ಬರೆದದ್ದೂ ಒಬ್ಬರೇ, ಜೆನ್ಸ್ ಆಕ್ಸ್‌ಬೋ. ಬಿಎಫ್‌ಕ್ಯೂ ಹಿಂದಿರುವ ಪಾವ್ಲೋ ವಲೆಂಟೆ ಇಟಲಿಯ ಮೊದೆನಾದ ವಿಶ್ವವಿದ್ಯಾಲಯದವರು. ಹಿಂದೆ ಭಾರ ಹಾಕಿ ಒಂದು ಪ್ರೋಗ್ರಾಮ್ ತೆರೆಯಲು ಎಷ್ಟು ಹೊತ್ತು ಅಂತ ಅಳೆಯಲು ಅವರದೇ ಒಂದು ಟೆಸ್ಟ್ ಸೂಟ್ ಇದೆ, ಹೆಸರು ಬರೀ ಎಸ್. ನಾನು ಅಕ್ಕನಿಗೆ ಹೇಳಿದ್ದು ಅದರ ಅಂಗಡಿ ಅವತಾರ.

ಖಡೇಬಜಾರ್_ಡಿಟಿಪಿ

ರವಿವಾರ ಅಂಗಡಿ ಮುಚ್ಚಿದ ಮೇಲೆ ಅಣ್ಣನನ್ನೂ ಕೂರಿಸಿಕೊಂಡು ಮಾಡಿದೆ. ನೀವು ಹೇಳಿದ ಹಾಗೇ ಬದಲಿಸಿ ಬದಲಿಸಿ.

ಕಾಪಿ ಇಲ್ಲದಾಗ ಪಿಡಿಎಫ್ ಆಗಲು ಆರು ಸೆಕೆಂಡಿನ ಆಸುಪಾಸು. ನಮ್ಮಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಸೇರಿ ನೂರಾರು ಫಾಂಟ್ ತುಂಬಿಕೊಂಡಿವೆ, ಅದಕ್ಕೇ ಸ್ವಲ್ಪ ನಿಧಾನ. ಎಂಕ್ಯೂ-ಡೆಡ್‌ಲೈನ್‌ನಲ್ಲಿ ಕಾಪಿ ನಡೆಯುವಾಗ ಅರ್ಧ ನಿಮಿಷಕ್ಕೆ ಹತ್ತಿರ, ಒಮ್ಮೆ ಮುಕ್ಕಾಲು ನಿಮಿಷ ದಾಟಿತು. ಬಿಎಫ್‌ಕ್ಯೂದಲ್ಲಿ ಹತ್ತು-ಹನ್ನೆರಡು ಸೆಕೆಂಡು. ಎಲ್ಲಕ್ಕಿಂತ ಕೆಟ್ಟದ್ದೂ ಇಪ್ಪತ್ತರ ಒಳಗೆ. ಐಒಸ್ಟ್ಯಾಟ್‌ನಲ್ಲೂ ಅದೇ. ಮೊದಲನೆಯದರಲ್ಲಿ ಓದಿನ ಅವೇಟ್ ನೂರು ದಾಟಿ ಕುಣಿಯುತ್ತಿತ್ತು, ಎರಡನೆಯದರಲ್ಲಿ ಬಹಳ ಸಲ ಎರಡಂಕಿ.

ಕಾಪಿ ಸಿಂಕ್ ಸಮೇತ ಬಿಎಫ್‌ಕ್ಯೂದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡಿತು. ಜಾಸ್ತಿ ಏನಲ್ಲ, ಆದರೆ ಪ್ರತಿ ಸಲವೂ ತಡವೇ. ಅಣ್ಣ ಗೆದ್ದವನ ಹಾಗೆ ನಗುತ್ತಿದ್ದಾನೆ.

ಆದರೆ ಒಂದು ತೊಂದರೆ ಉಳಿದಿದೆ. ತೆರೆಯುವುದು ಸುಧಾರಿಸಿತು, ಸೇವ್ ಒತ್ತಿದರೆ ನಿಲ್ಲುವುದು ಎರಡರಲ್ಲೂ ಇದೆ.

ಹಳೇ_ಕರ್ನಲ್

ಸೇವ್ ನಿಲ್ಲುವುದು ಶೆಡ್ಯೂಲರ್‌ಗಿಂತ ಮೇಲಿನ ಕಥೆ. ಬರೆಯಬೇಕಾದ ಡೇಟಾ ಎಷ್ಟಾಗುವವರೆಗೆ ರ‍್ಯಾಮ್‌ನಲ್ಲಿ ಇರಬಹುದು ಅನ್ನುವುದಕ್ಕೆ ಕರ್ನಲ್‌ನಲ್ಲಿ ಮಿತಿ ಇದೆ. ಡರ್ಟಿ ಬ್ಯಾಕ್‌ಗ್ರೌಂಡ್ ರೇಶಿಯೊ 10 (ಇಲ್ಲಿಗೆ ಹಿಂದಿನಿಂದ ಇಳಿಸಲು ಶುರು), ಡರ್ಟಿ ರೇಶಿಯೊ 20 (ಇಲ್ಲಿಗೆ ಬರೆಯುವವರನ್ನೇ ತಡೆಯುತ್ತದೆ). ಸಿಗುವ ಮೆಮೊರಿಯಲ್ಲಿ ಶೇಕಡಾ ಲೆಕ್ಕ. ನಿಮ್ಮಲ್ಲಿ 6 ಜಿಬಿ ಸಿಗುತ್ತದೆ ಅಂದರೆ 1.2 ಜಿಬಿ ತನಕ ಗುಡ್ಡೆ ಆಗಬಹುದು. ಸೆಕೆಂಡಿಗೆ 100 ಎಂಬಿಯಂತೆ ಇಳಿಸಿದರೂ 12 ಸೆಕೆಂಡು. ಸೇವ್ ಮಾಡುವ ಪ್ರೋಗ್ರಾಮ್ ಎಫ್‌ಸಿಂಕ್ (ಡಿಸ್ಕಿಗೆ ಇಳಿದ ಮೇಲೆಯೇ ಮುಂದೆ ಹೋಗುವುದು) ಕೇಳಿದರೆ ಈ ಗುಡ್ಡೆಯ ಹಿಂದೆ ಸಿಕ್ಕಿಕೊಳ್ಳಬಹುದು.

ಶೇಕಡಾ ಬದಲು ಬೈಟ್‌ನಲ್ಲಿ ಮಿತಿ ಕೊಡಿ. ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ 67108864, ಅಂದರೆ 64 ಎಂಬಿ. ಡರ್ಟಿ ಬೈಟ್ಸ್ 268435456, ಅಂದರೆ 256 ಎಂಬಿ. ಬೈಟ್ಸ್ ಬರೆದರೆ ರೇಶಿಯೊ ತಾನಾಗಿ ಸೊನ್ನೆ ಆಗುತ್ತದೆ, ಗಾಬರಿ ಬೇಡ. ಕರೆಂಟ್ ಹೋದಾಗ ಕಳೆದುಕೊಳ್ಳುವ ಡೇಟಾವೂ ಕಡಿಮೆ ಆಗುತ್ತದೆ. ನಮ್ಮ ಕಡೆ ಇದೂ ಲೆಕ್ಕಕ್ಕೆ ಬರುವ ವಿಷಯವೇ.

ನಿಮ್ಮ ಹೋಲಿಕೆಯಲ್ಲಿ ಒಂದು ಎಳೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬರಹದ ಹರಿವನ್ನು ತಡೆಯುವ ಡಬ್ಲ್ಯುಬಿಟಿ ಅಂತ ಒಂದು ವ್ಯವಸ್ಥೆ 4.10ರಿಂದ ಇದೆ. ತಿರುಗುವ ಡಿಸ್ಕಿಗೆ ಅದರ ಗುರಿ 75 ಮಿಲಿಸೆಕೆಂಡ್. ಬಿಎಫ್‌ಕ್ಯೂ ಹಾಕಿದ ತಕ್ಷಣ ಅದು ತಾನಾಗಿ ಬಂದ್ ಆಗುತ್ತದೆ. ಅಂದರೆ ನೀವು ಶೆಡ್ಯೂಲರ್ ಒಂದನ್ನೇ ಬದಲಿಸಿದೆ ಅಂದುಕೊಂಡರೂ ಬದಲಾದದ್ದು ಎರಡು. ಅಂಗಡಿಗೆ ಇದರಿಂದ ಏನೂ ಆಗಬೇಕಿಲ್ಲ. ವಿಜಯಪುರದ ತಮ್ಮ ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ಮಾತ್ರ ಇದನ್ನು ಬಿಡಬಾರದು. ಬಿಎಫ್‌ಕ್ಯೂ ಒಳಗಿನ ಲೋ ಲೇಟೆನ್ಸಿ ಅನ್ನುವ ಸೆಟಿಂಗ್ 0 ಮಾಡಿಯೂ ಒಂದು ಸಾಲು ಅಳೆಯಲಿ. ಹೊಸದಾಗಿ ಶುರುವಾದ ಪ್ರೋಗ್ರಾಮಿಗೆ ಸ್ವಲ್ಪ ಹೊತ್ತು ಜಾಸ್ತಿ ಪಾಲು ಕೊಡುವುದು ಅದೇ. ಆಗ ಲಾಭ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಗುಮ್ಮಟ_5ನೇಸೆಮ್

ಎಂಕ್ಯೂ-ಡೆಡ್‌ಲೈನ್‌ನಲ್ಲಿ ಓದಿಗೆ 500 ಮಿಲಿಸೆಕೆಂಡ್, ಬರಹಕ್ಕೆ 5 ಸೆಕೆಂಡ್ ಗಡುವು ಅಂತ ಇದೆಯಲ್ಲ ಸರ್. ಓದಿಗೆ ಮೊದಲ ಮರ್ಯಾದೆ ಇದ್ದೂ ಅಕ್ಕನಿಗೆ ಯಾಕೆ ತಡ ಆಯಿತು?

ಹಳೇ_ಕರ್ನಲ್

500 ಅನ್ನುವುದು ಒಂದು ಓದಿಗೆ, ಅದೂ ಗ್ಯಾರಂಟಿ ಅಲ್ಲ. ಪ್ರೋಗ್ರಾಮ್ ತೆರೆಯಲು ನೂರಾರು ಓದು ಒಂದರ ಹಿಂದೊಂದು ಬೇಕು. ಪ್ರತಿಯೊಂದೂ ಗಡುವಿನ ಒಳಗೇ ಮುಗಿದರೂ ಒಟ್ಟು ಅರ್ಧ ನಿಮಿಷ ಆಗುತ್ತದೆ. ಜೊತೆಗೆ ಅದು 16 ಕೋರಿಕೆಗಳ ಕಂತಿನಲ್ಲಿ ಕೆಲಸ ಮಾಡುತ್ತದೆ. ಆ ಕಂತಿನ ಅಳತೆ ಇರುವ ಫಿಫೊ ಬ್ಯಾಚ್ ಅನ್ನು 1ಕ್ಕೆ ಇಳಿಸಿ ನೋಡು. ಕಾಯುವುದು ಕಡಿಮೆ ಆಗಿ ಥ್ರೂಪುಟ್ ಇಳಿಯಬೇಕು. ಯಾರ ಓದು ಇದು ಅಂತ ನೋಡಿ ಪಾಲು ಹಂಚುವುದು ಬಿಎಫ್‌ಕ್ಯೂ. ಒಬ್ಬರ ಓದು ಮುಗಿದ ಮೇಲೆ ಅವರೇ ಇನ್ನೊಂದು ಕೇಳುತ್ತಾರೇನೋ ಅಂತ 8 ಮಿಲಿಸೆಕೆಂಡ್ ತನಕ ಡಿಸ್ಕನ್ನು ಸುಮ್ನೆ ನಿಲ್ಲಿಸಿಕೊಂಡು ಕಾಯುತ್ತದೆ, ಅದೇ ಸ್ಲೈಸ್ ಐಡಲ್. ಅಣ್ಣನವರ ಕಾಪಿ ತಡ ಆಗಿದ್ದರಲ್ಲಿ ಆ ಕಾಯುವಿಕೆಯ ಪಾಲೂ ಇರಬಹುದು.

ಖಡೇಬಜಾರ್_ಡಿಟಿಪಿ

ಬೈಟ್ಸ್ ಹಾಕಿದೆ. ಸೇವ್ ಈಗ ಒಂದೆರಡು ಸೆಕೆಂಡು ತಡೆದು ಮುಂದೆ ಹೋಗುತ್ತದೆ, ಮಬ್ಬಾಗುವುದು ನಿಂತಿದೆ. ಶೆಡ್ಯೂಲರ್ ಹಳೆಯದೇ ಇಟ್ಟು ಬೈಟ್ಸ್ ಮಾತ್ರ ಬದಲಿಸಿಯೂ ನೋಡಿದೆ. ಸೇವ್ ಸುಧಾರಿಸಿತು, ತೆರೆಯುವುದು ಅಷ್ಟಾಗಿ ಸುಧಾರಿಸಲಿಲ್ಲ. ಹಾಗಾಗಿ ಎರಡನ್ನೂ ಇಡುತ್ತೇನೆ.

ಅಣ್ಣನ ಜೊತೆ ರಾಜಿ ಆಗಿದೆ. ಹಗಲು ಬಿಎಫ್‌ಕ್ಯೂ, ರಾತ್ರಿ ಬ್ಯಾಕಪ್ ಹಚ್ಚಿ ಮನೆಗೆ ಹೋಗುವಾಗ ಎಂಕ್ಯೂ-ಡೆಡ್‌ಲೈನ್. ರಾತ್ರಿ ಕಾಯಲು ಗಿರಾಕಿ ಇರುವುದಿಲ್ಲವಲ್ಲ. ಬೆಳಿಗ್ಗೆ ಮಷಿನ್ ಶುರು ಮಾಡಿದಾಗ ತಾನಾಗಿ ಬಿಎಫ್‌ಕ್ಯೂ ಬರುವ ಹಾಗೆ ಏನು ಮಾಡಬೇಕು?

ನವನಗರ_ಲ್ಯಾಬ್

ಬೈಟ್ಸ್ ಎರಡನ್ನೂ ಬೂಟ್ ಆಗುವಾಗ ಓದಿಕೊಳ್ಳುವ ಸಿಸ್‌ಸಿಟಿಎಲ್ ಡಿ ಫೋಲ್ಡರಿನಲ್ಲಿ ಒಂದು ಫೈಲು ಮಾಡಿ ಬರೆದಿಡಿ. ಶೆಡ್ಯೂಲರ್‌ಗೆ ಯುಡೆವ್ ರೂಲ್ (ಡಿಸ್ಕ್ ಸಿಕ್ಕಾಗ ತಾನಾಗಿ ನಡೆಯುವ ನಿಯಮ) ಬೇಕು. ರೊಟೇಶನಲ್ 1 ಇರುವ ಡಿಸ್ಕಿಗೆ ಮಾತ್ರ ಬಿಎಫ್‌ಕ್ಯೂ ಅಂತ ಷರತ್ತು ಹಾಕಿ. ನಾಳೆ ಎಸ್‌ಎಸ್‌ಡಿ ಸೇರಿಸಿದರೆ ಅದಕ್ಕೆ ಇದು ತಗಲುವುದಿಲ್ಲ. ಆದರೆ ಎಷ್ಟೋ ಪೆನ್‌ಡ್ರೈವ್‌ಗಳು, ಕಾರ್ಡ್ ರೀಡರ್‌ಗಳು ತಾವೂ ತಿರುಗುವ ಡಿಸ್ಕ್ ಅಂತಲೇ ಹೇಳಿಕೊಳ್ಳುತ್ತವೆ. ಅವಕ್ಕೂ ಬಿಎಫ್‌ಕ್ಯೂ ಹತ್ತಿಕೊಂಡರೆ ಗಾಬರಿ ಆಗಬೇಡಿ, ಕೆಡುವುದು ಏನೂ ಇಲ್ಲ. ಬೇಡ ಅನ್ನಿಸಿದರೆ ರೂಲಿನಲ್ಲಿ ನಿಮ್ಮ ಡಿಸ್ಕಿನ ಸೀರಿಯಲ್ ನಂಬರನ್ನೇ ಕೊಡಿ. ಎಸ್‌ಡಿಎ ಅಂತ ಹೆಸರು ಮಾತ್ರ ಕೊಡಬೇಡಿ. ಕಾರ್ಡ್ ಸಿಕ್ಕಿಸಿಯೇ ಬೂಟ್ ಮಾಡಿದರೆ ಆ ಹೆಸರು ಅದಲುಬದಲು ಆಗಬಹುದು.